ಸಂಪಾದಕರ ಮಾತು: ಮುರಿದ ನಿಬ್ಬು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸೆಷನ್ಸ್ ಕೋರ್ಟಿನ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ರಾಯರು. ಅವರ ಮೇಜಿನ ಡ್ರಾಯರಿನಲ್ಲಿ ಸವೆದ ರಬ್ಬರ್ ಸೀಲು, ಅರಗಿನ ಚೂರು, ತುಕ್ಕು ಹಿಡಿದ ಗುಂಡುಸೂಜಿಗಳ ನಡುವೆ ಒಂದು ಫೌಂಟನ್ ಪೆನ್ನಿದೆ. ಅದರ ನಿಬ್ಬು ನಡುವೆ ಸೀಳಿ, ಒಂದು ಕವಲು ಮೇಲಕ್ಕೆ ಮಡಚಿಕೊಂಡಿದೆ. ಸೀಳಿನೊಳಗೆ ನೀಲಿ ಶಾಯಿ ಒಣಗಿ ಕಪ್ಪಾಗಿದೆ.

"ನಮ್ಮ ಸಾಹೇಬ್ರು ಗಲ್ಲು ಬರೆದ ಪೆನ್ನು. ಸಹಿ ಆದ ಮೇಲೆ ನಿಬ್ಬು ಮುರೀಬೇಕು, ಅದು ವಾಡಿಕೆ. ಮೊದಲನೇ ಸಲ ಮೇಜಿಗೆ ಒತ್ತಿದಾಗ ಮುರೀಲಿಲ್ಲ ನೋಡಿ, ಇನ್ನೊಂದು ಸಲ ಒತ್ತಬೇಕಾಯ್ತು. ಅವರ ಕೈ ನಡುಗ್ತಿತ್ತು ಅಂತೆಲ್ಲ ನಾನು ಕತೆ ಕಟ್ಟೋದಿಲ್ಲ. ನಡುಗ್ತಿರಲಿಲ್ಲ" ಎಂದರು ರಾಯರು.

ನಾನು ಅವರ ಮನೆಗೆ ಹೋಗಿದ್ದು ಒಂದು ಪತ್ರ ಹಿಡಿದುಕೊಂಡು. ಕಳೆದ ಸಂಚಿಕೆಯಲ್ಲಿ ಈಸೂರಿನ ಬಗ್ಗೆ ಲೇಖನ ಬಂದಿತ್ತಲ್ಲ, ಅದನ್ನು ಓದಿ ಶಿಕಾರಿಪುರ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರ ಅದು. 2020ರ ಮಾರ್ಚ್ 20ರ ಬೆಳಗ್ಗೆ ದೆಹಲಿಯ ತಿಹಾರ್ ಜೈಲಿನಲ್ಲಿ ನಿರ್ಭಯಾ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದ ಸುದ್ದಿ ಕೇಳಿ ತಾವು ದೇವರ ಮುಂದೆ ದೀಪ ಹಚ್ಚಿದ್ದಾಗಿ ಅವರು ಬರೆದಿದ್ದಾರೆ. ಈಸೂರಿನಿಂದ ಗಲ್ಲಿಗೇರಿದ ಐವರ ಹೆಸರು ಓದುವಾಗ ಅದೇ ಕಣ್ಣಲ್ಲಿ ನೀರು ಬಂತಂತೆ. 'ದೀಪ ಹಚ್ಚಿದವಳೂ ನಾನೇ, ಅತ್ತವಳೂ ನಾನೇ. ಇದರಲ್ಲಿ ಯಾವುದು ಸುಳ್ಳು ಹೇಳಿ' ಎಂದು ಕೇಳಿದ್ದಾರೆ.

ಉತ್ತರ ಬರೆಯಲು ಕೂತು ಮೂರು ಸಲ ಹಾಳೆ ಹರಿದೆ. ಆ ಬೆಳಗ್ಗೆ ನಾನೂ ಟೀವಿ ಮುಂದಿದ್ದೆ. ದೀಪ ಹಚ್ಚಲಿಲ್ಲ, ಆದರೆ ಎದೆಯ ಮೇಲಿನ ಭಾರ ಇಳಿದ ಹಾಗಾದದ್ದು ನಿಜ. ಮರಣದಂಡನೆ ಬೇಡ ಎನ್ನುವ ಪಕ್ಷದವನು ನಾನು, ಬಹಳ ವರ್ಷದಿಂದ. ಆ ಹಗುರವನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಬರೆದರೆ ಮೋಸವಾದೀತು.

ಈಸೂರಿನ ಕತೆಯ ಒಂದು ಮಗ್ಗುಲನ್ನು ನಾವು ಮೆಲ್ಲಗೆ ದಾಟಿಬಿಡುತ್ತೇವೆ. 1942ರಲ್ಲಿ ಊರಿನವರು ಸ್ವಾತಂತ್ರ್ಯ ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿದ್ದು, ಬಂದ ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದದ್ದು, ಎಲ್ಲವೂ ನಮಗೆ ಬಾಯಿಪಾಠ. ಆಮೇಲಿನ ಗಲಾಟೆಯಲ್ಲಿ ಸತ್ತ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರ ಹೆಸರು ಮಾತ್ರ ನಾಲಿಗೆ ತುದಿಗೆ ಬರುವುದಿಲ್ಲ. ಅವರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದೇ ತಿಂಗಳ ಕೊನೆಗೆ ಕಣ್ಣೂರು ಜೈಲಿನಲ್ಲಿ ಕಯ್ಯೂರಿನ ನಾಲ್ವರು ರೈತರು ಗಲ್ಲಿಗೇರಿದರು. ಅಲ್ಲೂ ಸತ್ತವನು ಒಬ್ಬ ಪೊಲೀಸ್ ಪೇದೆ. ನಿರಂಜನರ 'ಚಿರಸ್ಮರಣೆ'ಯಿಂದಾಗಿ ಆ ನಾಲ್ವರು ಕನ್ನಡದ ಮನೆಮಕ್ಕಳೇ ಆಗಿಬಿಟ್ಟರು. ಅವರ ಜೊತೆ ಗಲ್ಲು ಶಿಕ್ಷೆಯಾಗಿದ್ದ ಐದನೆಯವನು ಉಳಿದದ್ದು ವಯಸ್ಸು ಚಿಕ್ಕದೆಂಬ ಕಾರಣಕ್ಕೆ.

ಬೆಂಗಳೂರಿನ ಆ ಜೈಲು ಈಗ ಫ್ರೀಡಂ ಪಾರ್ಕ್. ಕೆಲವು ವರ್ಷಗಳ ಹಿಂದೆ, ಒಂದು ಹೆಣ್ಣುಮಗುವಿನ ಕೊಲೆಯಾದ ವಾರ, ಸಂಜೆ ಅಲ್ಲಿಗೆ ಹೋಗಿದ್ದೆ. ಕಾಲೇಜು ಹುಡುಗಿಯರು ಪೇಪರ್ ಲೋಟದ ತಳ ತೂತು ಮಾಡಿ ಮೇಣದಬತ್ತಿ ಸಿಕ್ಕಿಸಿಕೊಂಡು ಕೂತಿದ್ದರು. ಪ್ರತಿ ಎರಡನೇ ರಟ್ಟಿನ ಮೇಲೂ 'ಗಲ್ಲಿಗೇರಿಸಿ' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಈಸೂರಿನವರು ನೇತಾಡಿದ ಆವರಣ ಇದೇ ಎಂದು ಆ ಹುಡುಗಿಯರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಸ್ವಾತಂತ್ರ್ಯಕ್ಕೆ ಹೋರಾಡಿದವನನ್ನು ಮಗುವನ್ನು ಕೊಂದವನ ಪಕ್ಕಕ್ಕೆ ತಂದು ನಿಲ್ಲಿಸಿ 'ನೋಡಿ, ಹಗ್ಗ ಒಂದೇ' ಎನ್ನುವುದು ಅಗ್ಗದ ವಾದ. ಪತ್ರ ಬರೆದ ಮೇಷ್ಟ್ರಮ್ಮನ ದೀಪವೂ ಸುಳ್ಳಲ್ಲ, ಕಣ್ಣೀರೂ ಸುಳ್ಳಲ್ಲ.

ಗಲ್ಲು ಬೇಕು ಎನ್ನುವವರನ್ನು ರಕ್ತಪಿಪಾಸುಗಳೆಂದು ಬರೆದು ಮುಗಿಸುವ ಅಭ್ಯಾಸ ನಮ್ಮಂಥ ಪತ್ರಿಕೆಗಳಿಗಿದೆ. ಅದು ಸೋಮಾರಿತನ. ಅವರ ಸಿಟ್ಟಿನಲ್ಲಿ ಅರ್ಧ ಪಾಲು ಕೊಲೆಗಾರನ ಮೇಲಿದ್ದರೆ ಇನ್ನರ್ಧ ನಮ್ಮ ವ್ಯವಸ್ಥೆಯ ಮೇಲಿದೆ. ಜೀವಾವಧಿ ಅಂದರೆ ಹದಿನಾಲ್ಕು ವರ್ಷ, ಆಮೇಲೆ ಹಾರ ಹಾಕಿಸಿಕೊಂಡು ಹೊರಗೆ ಬರುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಜೀವಾವಧಿ ಎಂದರೆ ಜೀವ ಇರುವ ತನಕ. ಆದರೆ ಗುಜರಾತಿನ ಬಿಲ್ಕಿಸ್ ಬಾನೋ ಪ್ರಕರಣದಲ್ಲಿ ಜೀವಾವಧಿಯಾಗಿದ್ದ ಹನ್ನೊಂದು ಮಂದಿ 2022ರ ಸ್ವಾತಂತ್ರ್ಯ ದಿನದಂದು ಹೊರಗೆ ನಡೆದು ಬಂದಾಗ ನಿಜಕ್ಕೂ ಹಾರ ಬಿದ್ದವಲ್ಲ? 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆ ರದ್ದು ಮಾಡಿ ಅವರನ್ನು ಮತ್ತೆ ಒಳಗೆ ಕಳಿಸಿತು. ಅಷ್ಟರಲ್ಲಿ ಜನರ ಅನುಮಾನಕ್ಕೆ ಪುರಾವೆ ಸಿಕ್ಕಾಗಿತ್ತು. ಮಗಳನ್ನು ಕಳೆದುಕೊಂಡ ತಾಯಿ 'ಅವನು ನಾಳೆ ನಮ್ಮ ಬೀದೀಲಿ ಓಡಾಡೋದು ಬೇಡ' ಎಂದು ಗಲ್ಲು ಕೇಳಿದರೆ, ಅದು ಸೇಡು ಎಂದು ಪಾಠ ಹೇಳುವ ಅರ್ಹತೆ ನನಗಿಲ್ಲ.

ಗಲ್ಲು, ಹದಿನಾಲ್ಕು ವರ್ಷಕ್ಕೆ ಮುಗಿಯುವ ಜೀವಾವಧಿ, ಈ ಎರಡರ ನಡುವಿನ ದಾರಿಯೊಂದನ್ನು ಕೋರ್ಟು ತೆರೆದದ್ದು ಬೆಂಗಳೂರಿನ ಪ್ರಕರಣವೊಂದರಲ್ಲಿ. ಸ್ವಾಮಿ ಶ್ರದ್ಧಾನಂದ ಎಂದು ಹೆಸರಿಟ್ಟುಕೊಂಡವನೊಬ್ಬ 1991ರಲ್ಲಿ ಹೆಂಡತಿಗೆ ಮತ್ತಿನ ಔಷಧಿ ಕೊಟ್ಟು, ಪೆಟ್ಟಿಗೆಗೆ ಹಾಕಿ, ಅವಳದೇ ಮನೆಯ ಅಂಗಳದಲ್ಲಿ ಹೂತ. ತಾಯಿ ಎಲ್ಲಿ ಎಂದು ಕೇಳಿದ ಮಗಳಿಗೆ ಇವತ್ತು ಒಂದು, ನಾಳೆ ಒಂದು ಹೇಳುತ್ತ ಅಲ್ಲೇ ವಾಸ ಮಾಡಿದ. ಮೂರು ವರ್ಷದ ಮೇಲೆ ಪೊಲೀಸರು ನೆಲ ಅಗೆದರು. ಸೆಷನ್ಸ್ ಕೋರ್ಟು ಗಲ್ಲು ಎಂದಿತು, ಹೈಕೋರ್ಟು ಖಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂದಾಗ ಅಪರಾಧದ ಬಗ್ಗೆ ಇಬ್ಬರದೂ ಒಂದೇ ಮಾತು. ಶಿಕ್ಷೆಯ ಬಗ್ಗೆ ಮಾತ್ರ ಒಬ್ಬರು ಜೀವಾವಧಿ ಸಾಕು ಎಂದರು, ಇನ್ನೊಬ್ಬರು ಗಲ್ಲೇ ಆಗಬೇಕು ಎಂದರು. ಫೈಲು ಅದೇ, ಸಾಕ್ಷಿ ಅದೇ, ಕುರ್ಚಿ ಮಾತ್ರ ಬೇರೆ. ಮರುವರ್ಷ ಮೂವರ ಪೀಠ ಗಲ್ಲು ತಪ್ಪಿಸಿ, ಬದುಕಿರುವ ತನಕ ಬಿಡುಗಡೆಯೇ ಇಲ್ಲದ ಸೆರೆವಾಸ ಎಂಬ ಹೊಸ ಶಿಕ್ಷೆಯನ್ನು ಬರೆಯಿತು. ಗಲ್ಲು ಸಿಗುವುದೂ ತಪ್ಪುವುದೂ ಪೀಠದಲ್ಲಿ ಕೂತವರ ಮನೋಧರ್ಮವನ್ನು ಅವಲಂಬಿಸುತ್ತಿದೆ ಎಂಬುದನ್ನು ನ್ಯಾಯಮೂರ್ತಿ ಅಫ್ತಾಬ್ ಆಲಂ ಆ ತೀರ್ಪಿನಲ್ಲಿ ಮುಚ್ಚಿಡಲಿಲ್ಲ.

1980ರ ಬಚನ್ ಸಿಂಗ್ ತೀರ್ಪು 'ಅಪರೂಪದಲ್ಲಿ ಅಪರೂಪ' ಎಂಬ ಅಳತೆಗೋಲು ಕೊಟ್ಟದ್ದು ಇದನ್ನು ತಪ್ಪಿಸಲೆಂದೇ. ಅದರ ಕತೆ ಹೀಗಾಯಿತು. ಯಾವುದು ಅಪರೂಪ ಎನ್ನುವುದು ನೋಡುವವರ ಕಣ್ಣಿಗೆ ಬಿಟ್ಟ ಮಾತು. ಗಲ್ಲಿನಿಂದ ಕೊಲೆ ಕಮ್ಮಿಯಾಗುತ್ತದೆಯೋ ಇಲ್ಲವೋ ಎಂಬ ಅಂಕಿಅಂಶದ ಜಗಳಕ್ಕೆ ನಾನು ಇಳಿಯುವುದಿಲ್ಲ. ಮಚ್ಚು ಎತ್ತಿದವನು ಆ ಹೊತ್ತಿನಲ್ಲಿ ದಂಡಸಂಹಿತೆ ನೆನೆಯುತ್ತಾನೆ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಪಾಲಾರ್ ಸ್ಫೋಟದ್ದು ಇನ್ನೂ ವಿಚಿತ್ರ. 1993ರ ಏಪ್ರಿಲಿನಲ್ಲಿ ವೀರಪ್ಪನ್ ತಂಡ ಹೂತಿಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಪೊಲೀಸರು, ಅರಣ್ಯ ಕಾವಲುಗಾರರು, ದಾರಿ ತೋರಿಸಲು ಹೋದವರು ಅವರಲ್ಲಿದ್ದರು. ಮೈಸೂರಿನ ಟಾಡಾ ಕೋರ್ಟು ನಾಲ್ವರಿಗೆ ಜೀವಾವಧಿ ಕೊಟ್ಟಿತು. ತಪ್ಪಿತಸ್ಥರಲ್ಲ ಎಂದು ಮೇಲ್ಮನವಿ ಹಾಕಿಕೊಂಡು ಹೋದವರ ಶಿಕ್ಷೆಯನ್ನು 2004ರಲ್ಲಿ ಸುಪ್ರೀಂ ಕೋರ್ಟು ಗಲ್ಲಿಗೆ ಏರಿಸಿ ಕಳಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಫೈಲಿನಲ್ಲೇ ಕೂತು 2013ರ ಫೆಬ್ರುವರಿಯಲ್ಲಿ ತಿರಸ್ಕಾರವಾಯಿತು. ಅವರಿದ್ದದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ರಾಜ್ಯದ ಗಲ್ಲುಗಂಬ ಇರುವುದು ಅಲ್ಲೇ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೆ ಹಾಕಿಲ್ಲ. ಕಂಬ ಮಾತ್ರ ನಿಂತಿದೆ. ಕೊನೆಗೆ 2014ರ ಜನವರಿ 21ರಂದು, ಇಷ್ಟು ವರ್ಷ ಸಾವಿನ ಬಾಗಿಲಲ್ಲಿ ಕೂರಿಸಿಟ್ಟದ್ದೇ ಅನ್ಯಾಯ ಎಂದು ಅದೇ ಸುಪ್ರೀಂ ಕೋರ್ಟು ಆ ನಾಲ್ವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಈ ಏರಿಳಿತವನ್ನೆಲ್ಲ ನೋಡುತ್ತ ಕೂತ ಆ 22 ಮನೆಗಳಿಗೆ ಸಿಕ್ಕಿದ್ದಾದರೂ ಏನು? ಇಪ್ಪತ್ತು ವರ್ಷ ಪ್ರತಿ ಸಲ ಪೇಪರಿನಲ್ಲಿ ಅದೇ ಫೋಟೊ, ಅದೇ ಸ್ಫೋಟ. ಗಲ್ಲು ಕೊಡುವುದೇ ನೊಂದವರ ಸಮಾಧಾನಕ್ಕೆ ಎನ್ನುವವರು ಅವರನ್ನೊಮ್ಮೆ ಕೇಳಿ ಬರಬೇಕು.

ಇದೆಲ್ಲ ತಪ್ಪು ಮಾಡಿದವರ ವಿಷಯವಾಯಿತು. ನನ್ನನ್ನು ಗಲ್ಲಿನ ವಿರುದ್ಧ ಗಟ್ಟಿಯಾಗಿ ನಿಲ್ಲಿಸಿದ್ದು ತಪ್ಪು ಮಾಡದ ಆರು ಜನ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಬಡವರು ಅವರು. 2003ರ ಒಂದು ಸಾಮೂಹಿಕ ಕೊಲೆ, ಅತ್ಯಾಚಾರದ ಪ್ರಕರಣದಲ್ಲಿ ಸಿಕ್ಕಿಬಿದ್ದರು. ವಿಚಾರಣಾ ಕೋರ್ಟು ಆರೂ ಜನರಿಗೆ ಗಲ್ಲು ಎಂದಿತು. ಹೈಕೋರ್ಟು ಮೂವರದನ್ನು ಉಳಿಸಿ ಮೂವರದನ್ನು ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಆರೂ ಜನರಿಗೆ ಗಲ್ಲು ಎಂದಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಕೋರ್ಟು ಫೈಲನ್ನು ಮತ್ತೆ ಬಿಚ್ಚಿ ಓದಿ, ಆರೂ ಜನ ನಿರ್ದೋಷಿಗಳು ಎಂದು ಬಿಟ್ಟಿತು. ಬದುಕುಳಿದ ಹೆಂಗಸು ಪೊಲೀಸರ ಆಲ್ಬಮ್ಮಿನಲ್ಲಿ ಮೊದಲು ಬೆರಳಿಟ್ಟು ತೋರಿಸಿದ್ದು ಬೇರೆಯದೇ ನಾಲ್ವರನ್ನು. ಆ ನಾಲ್ವರ ಹಿಂದೆ ಯಾರೂ ಹೋಗಿರಲಿಲ್ಲ. ಈ ಆರರಲ್ಲಿ ಒಬ್ಬ, ಘಟನೆ ನಡೆದಾಗ ಇನ್ನೂ ಹುಡುಗ. ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು ಕೋರ್ಟು ಆದೇಶಿಸಿತು. ಹದಿನಾರು ವರ್ಷಕ್ಕೆ ಐದು ಲಕ್ಷ, ಲೆಕ್ಕ ನೀವೇ ಹಾಕಿ. ಹಾಗಿದ್ದರೂ ಪರಿಹಾರ ಇಸಿದುಕೊಳ್ಳಲು ಅವರು ಇದ್ದರು. 2010ರಲ್ಲೋ 2012ರಲ್ಲೋ ಹಗ್ಗ ಬಿಗಿದಿದ್ದರೆ ನಾವೆಲ್ಲ ದೀಪ ಹಚ್ಚಿರುತ್ತಿದ್ದೆವು.

ಸಂವಿಧಾನ ಸಭೆಯಲ್ಲಿ 1949ರ ಜೂನ್‌ನಲ್ಲಿ ಗಲ್ಲಿನ ಪ್ರಕರಣಗಳಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇರಬೇಕೇ ಎಂಬ ಚರ್ಚೆ ನಡೆಯುವಾಗ ಅಂಬೇಡ್ಕರ್, ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದು ಮೇಲು ಎಂಬರ್ಥದ ಮಾತಾಡಿದ್ದರು. 2015ರಲ್ಲಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದಂಥ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ಬೇಡ ಎಂದು ಶಿಫಾರಸು ಮಾಡಿತು. ಆಯೋಗ ಉಳಿಸಿಕೊಂಡ ಆ ಬಾಗಿಲು ನನಗೆ ಒಪ್ಪಿಗೆಯಿಲ್ಲ. ಊರೆಲ್ಲ ಸಿಟ್ಟಾಗಿರುವ ಪ್ರಕರಣಗಳಲ್ಲೇ ಪೊಲೀಸರಿಗೆ ಯಾರನ್ನಾದರೂ ಹಿಡಿದು ತರುವ ಅವಸರ ಹೆಚ್ಚು. ಅಲ್ಲೇ ತಪ್ಪಾಗುವ ಸಂಭವವೂ ಹೆಚ್ಚು.

ಮೇಷ್ಟ್ರಮ್ಮನಿಗೆ ನಾನು ಕೊನೆಗೆ ಬರೆದದ್ದು ಇಷ್ಟು: ನಿಮ್ಮ ದೀಪದ ಬಗ್ಗೆ ನನ್ನ ತಕರಾರಿಲ್ಲ. ಬಿಡುಗಡೆಯಿಲ್ಲದ ಸೆರೆಮನೆ ಈಗ ಕಾನೂನಿನಲ್ಲಿದೆ, ಅದು ಮಾತಿಗೆ ತಪ್ಪದ ಹಾಗೆ ನೋಡಿಕೊಳ್ಳಲು ಸರ್ಕಾರದ ಬೆನ್ನು ಹತ್ತೋಣ. ಹಗ್ಗವನ್ನು ಮಾತ್ರ ಈ ವ್ಯವಸ್ಥೆಯ ಕೈಗೆ ಕೊಡುವುದು ಬೇಡ. ಬಿಡುಗಡೆಯಿಲ್ಲದ ಸೆರೆಯೂ ಕರುಣೆಯೇನಲ್ಲ, ಗೊತ್ತು. ಹಿಂಡಲಗಾದಲ್ಲಿ ಗಲ್ಲಿನ ಕೈದಿಯೊಬ್ಬನನ್ನು ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಕಾನೂನುಬಾಹಿರವಾಗಿ ಇಟ್ಟಿದ್ದಕ್ಕೇ 2022ರಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲು ತಪ್ಪಿಸಿತು. ಅಷ್ಟು ದಿನದ ಒಂಟಿತನ ಮನುಷ್ಯನನ್ನು ಏನು ಮಾಡುತ್ತದೆ ಎಂದು ಊಹಿಸಲೂ ನನಗೆ ಧೈರ್ಯವಿಲ್ಲ. ಆದರೆ ತಪ್ಪಾಗಿದೆ ಎಂದು ಗೊತ್ತಾದ ದಿನ ಆ ಕೋಣೆಯ ಬೀಗ ತೆಗೆಯಬಹುದು.

ಪತ್ರವನ್ನು ಅಂಚೆಗೆ ಹಾಕುವ ಮೊದಲು ರಾಯರಿಗೆ ಓದಿ ತೋರಿಸಿದೆ. ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಆ ಪೆನ್ನಿನ ಕೇಸು ಏನಾಯಿತು ಎಂದು ಕೇಳಿದೆ. ಹೈಕೋರ್ಟು ಜೀವಾವಧಿಗೆ ಇಳಿಸಿತಂತೆ.

"ಅವನು ಗಲ್ಲಿಗೆ ಲಾಯಕ್ಕಾಗಿದ್ದನೇ ರಾಯರೇ?"

"ಆಗಿದ್ದ" ಎಂದರು, ತಡವರಿಸದೆ. ಆಮೇಲೆ ಪೆನ್ನನ್ನು ಬೆರಳಲ್ಲಿ ಹೊರಳಿಸುತ್ತ, "ಗಲ್ಲಿನ ಕೇಸು ಅಂದ್ರೆ ಇಡೀ ರೆಕಾರ್ಡು ಮೇಲಕ್ಕೆ ಹೋಗ್ಬೇಕು. ಪುಟದ ನಂಬರು ಹಾಕೋ ಕೆಲಸ ನಂದು. ಎರಡು ರಾತ್ರಿ ಕೂತು ಹಾಕಿದೆ. ಬಂಡಲು ಕಟ್ಟಿ ಕಳಿಸಿದ ಹದಿನೈದು ದಿನಕ್ಕೆ ಫೋನು. 214 ಆದ್ಮೇಲೆ ಇನ್ನೊಂದು 214 ಬರೆದುಬಿಟ್ಟಿದ್ದೆ. ರಾತ್ರಿ ಬಸ್ಸಿಗೆ ಹೋಗಿ, ಅಲ್ಲಿಂದ ಮುಂದಿನ ನಂಬರೆಲ್ಲ ತಿದ್ದಿ, ಒಂದೊಂದಕ್ಕೂ ಚಿಕ್ಕ ಸಹಿ ಹಾಕಿ ಬಂದೆ. ಅಷ್ಟು ಜೋಪಾನವಾಗಿ ಮಾಡಿದ ಕೆಲಸ ಸಾರ್ ಅದು" ಎಂದರು.

ಡ್ರಾಯರು ಅರ್ಧಕ್ಕೇ ಕಚ್ಚಿಕೊಂಡಿತು. ಅಂಗೈಯಿಂದ ಎರಡು ಸಲ ಗುದ್ದಿ ಒಳಗೆ ತಳ್ಳಿದರು.