ಕಾರಂಜಿ ಮೀನಿಗೋ, ನೆಂಟರಿಗೋ?

ಹಿತ್ತಲಿನಲ್ಲಿ ಮೀನಿನ ಕೊಳ ಕಟ್ಟಿಸುವ ನನ್ನ ಶಿಷ್ಯಮಿತ್ರರು ಹಲವರು ಮೊದಲು ಕೊಳ್ಳುವುದು ಬಣ್ಣದ ದೀಪದ ಕಾರಂಜಿಯನ್ನು. ಸಂಜೆ ನೆಂಟರೆದುರು ಅದು ಚಿಮ್ಮುತ್ತದೆ. ಮಲಗುವ ಮುನ್ನ ಉಳಿತಾಯವೆಂದು ಅದನ್ನು ನಿಲ್ಲಿಸುತ್ತಾರೆ. ಇದು ಮಿತವ್ಯಯವಲ್ಲ, ಮೀನುಗಳ ಉಸಿರು ಕಟ್ಟಿಸುವ ಕ್ರಮ.

ಹಗಲಿನಲ್ಲಿ ಪಾಚಿ, ಜಲಸಸ್ಯಗಳು ಆಮ್ಲಜನಕವನ್ನು ಬಿಡುತ್ತವೆ. ಇರುಳಿನಲ್ಲಿ ಅವೂ ಮೀನುಗಳಂತೆ ಅದನ್ನು ಬಳಸುತ್ತವೆ. ಆದುದರಿಂದಲೇ ಬೆಳಗಿನ ಜಾವದಲ್ಲಿ ಕೊರತೆ ಅತಿ ಹೆಚ್ಚು. ಬೇಸಿಗೆಯಲ್ಲಂತೂ ಕಷ್ಟ ಇಮ್ಮಡಿ: ಒಂದು ಲೀಟರ್ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ.

ಕಾರಂಜಿಯೂ ನೀರಿಗೆ ಗಾಳಿ ಬೆರೆಸುತ್ತದೆ, ನಿಜ. ನಿಲ್ಲಿಸಿದ ಕಾರಂಜಿ ಏನನ್ನು ಬೆರೆಸೀತು? ಮೊದಲು ಕೊಳದ ಆಳಕ್ಕೆ ಗಾಳಿಯನ್ನು ತಳ್ಳಬಲ್ಲ ಏರ್ ಪಂಪು ಕೊಳ್ಳಿರಿ. ಏರ್ ಸ್ಟೋನ್ ತಳದ ಸಮೀಪವಿರಲಿ. ಅದರ ಗುಳ್ಳೆಗಳು ಕೆಳಗಿನ ನೀರನ್ನು ಮೇಲೆತ್ತಿ ಗಾಳಿಗೆ ಒಡ್ಡುತ್ತವೆ. ಕರೆಂಟು ಹೋದಾಗ ನೀರು ಪಂಪಿಗೆ ಹಿಮ್ಮರಳದಂತೆ ನಳಿಕೆಗೊಂದು ಚೆಕ್ ವಾಲ್ವ್, ಜೊತೆಗೆ ಬ್ಯಾಟರಿ ಅವಶ್ಯ. ಅಲಂಕಾರ ಆಮೇಲಿನದು.

ಇರುಳೆಲ್ಲ ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ, ನಾವೇ ತಂದು ಬಿಟ್ಟ ಜೀವಿಗಳ ಉಸಿರಿನಲ್ಲಿ ಜಿಪುಣತನ ತೋರುವುದು ನ್ಯಾಯವೇ?