ಸ್ವಿಚ್ಚಿಗೆ ಹೇಳಬೇಕಾದ ಎರಡು ಪಾಠ

1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಆರಂಭವಾದಾಗ ಪ್ರತಿ ಫೋನಿಗೂ ಅದರದೇ ತಂತಿ ಇತ್ತು. ಅದರಲ್ಲಿ ಓಡಾಡುತ್ತಿದ್ದುದು ಮಾತು. ಈಗ ಹಾಗಲ್ಲ. ವಿಜಯಪುರದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಕೇಂದ್ರಗಳಿಗೆ ಬರುವ ಸರ್ಕಾರಿ ಜಾಲ ಕೆ-ಸ್ವಾನ್ ಅನ್ನು ಕಡತ, ಮಾತು, ವಿಡಿಯೊ ಮೂರನ್ನೂ ಒಯ್ಯುವಂತೆ ರೂಪಿಸಲಾಗಿದೆ. ಕಚೇರಿಯೊಳಗೆ ಇವನ್ನು ಹಂಚುವ ಪೆಟ್ಟಿಗೆಯೇ ಸ್ವಿಚ್. ಡಿಪ್ಲೊಮಾ, ಐ.ಟಿ.ಐ. ಮುಗಿಸಿ ನೆಟ್‌ವರ್ಕ್ ಕೆಲಸಕ್ಕೆ ಹೋಗುವವರು ಈ ಪೆಟ್ಟಿಗೆಗೆ ಎರಡು ಪಾಠ ಹೇಳಲು ಬಲ್ಲವರಾಗಿರಬೇಕು.

ಮೊದಲನೆಯದು ಮಾತಿನ ಸರದಿ. ಐ.ಪಿ. ಫೋನು ಸಾಮಾನ್ಯವಾಗಿ ಮಾತನ್ನು ಸೆಕೆಂಡಿಗೆ 50 ಪ್ಯಾಕೆಟ್ ಮಾಡಿ ಕಳಿಸುತ್ತದೆ. ಕಡತ ಅರೆ ಸೆಕೆಂಡು ತಡವಾದರೆ ಯಾರಿಗೂ ಗೊತ್ತಾಗದು. ಮಾತು ತಡವಾದರೆ 'ಹಲೋ, ಕೇಳಸವಲ್ದರೀ' ಶುರುವಾಗುತ್ತದೆ. 150 ಮಿಲಿಸೆಕೆಂಡಿನೊಳಗೆ ಮಾತು ಆ ತುದಿ ಮುಟ್ಟಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡರೆ ಏನಾದೀತು? ಅದಕ್ಕೇ ಫೋನುಗಳಿಗೆ ಪ್ರತ್ಯೇಕ 'ವಾಯ್ಸ್ ವಿ-ಲ್ಯಾನ್' ತೆರೆಯುತ್ತಾರೆ. ಆದರೆ ವಿ-ಲ್ಯಾನ್ ತೆರೆದ ಮಾತ್ರಕ್ಕೆ ಮೊದಲ ಸರದಿ ಸಿಗುವುದಿಲ್ಲ. ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಮಾತಿನ ಪ್ಯಾಕೆಟ್ಟುಗಳ ಗುರುತನ್ನು (ಸಾಮಾನ್ಯವಾಗಿ ಡಿ.ಎಸ್.ಸಿ.ಪಿ. 46) ನಂಬಿ ಮುಂದಕ್ಕೆ ಬಿಡು ಎಂದು ಸ್ವಿಚ್ಚಿಗೆ ಬೇರೆಯಾಗಿ ಹೇಳಬೇಕು.

ಎರಡನೆಯದು ಇನ್ನೂ ಮುಖ್ಯ. ಐ.ಪಿ. ಫೋನಿನ ಹಿಂದೆ ಬಹುತೇಕ ಎರಡು ಪೋರ್ಟ್ ಇರುತ್ತವೆ, ಒಂದು ಸ್ವಿಚ್ಚಿಗೆ, ಇನ್ನೊಂದು ಕಂಪ್ಯೂಟರಿಗೆ. ಕಸ ಗುಡಿಸುವಾಗ ಕಳಚಿದ ಕೇಬಲ್ಲನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಗೋಡೆಯ ಖಾಲಿ ಪೋರ್ಟಿಗೆ ಸಿಕ್ಕಿಸುತ್ತಾರೆ. ಈಗ ಎರಡೂ ತುದಿ ಸ್ವಿಚ್ಚಿಗೇ! 'ಎಲ್ಲರಿಗೂ' ಎಂದು ಹೊರಟ ಸಂದೇಶ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಎತ್ತಿಗಾದರೂ ದಣಿವುಂಟು, ಈಥರ್ನೆಟ್ ಸಂದೇಶಕ್ಕೆ ಆಯುಷ್ಯದ ಮಿತಿಯಿಲ್ಲ. ಸುತ್ತಿದಷ್ಟೂ ನಕಲು ಹಂಚುತ್ತದೆ. ಕ್ಷಣಗಳಲ್ಲಿ ಇಡೀ ಕಚೇರಿಯ ಫೋನು, ಕಂಪ್ಯೂಟರ್ ಸ್ತಬ್ಧ.

ಇದಕ್ಕೆ ಮದ್ದು ಕಂಡುಹಿಡಿದವರು ಅಮೆರಿಕದ ರೇಡಿಯಾ ಪರ್ಲ್‌ಮನ್, 1985ರಲ್ಲಿ. (ಹೆಣ್ಣುಮಕ್ಕಳಿಗೆ ಈ ಕೆಲಸ ಯಾಕೆ ಎನ್ನುವ ಪಾಲಕರು ಗಮನಿಸಲಿ, ಇವರು ಮಹಿಳೆ.) ಅವರ 'ಸ್ಪ್ಯಾನಿಂಗ್ ಟ್ರೀ' ಕ್ರಮದಲ್ಲಿ ಸ್ವಿಚ್ಚುಗಳು ತಮ್ಮಲ್ಲೇ ಒಂದನ್ನು ಬೇರಾಗಿ ಆರಿಸಿಕೊಂಡು, ಸುತ್ತು ಮಾಡುವ ಕೊಂಡಿಯನ್ನು ಮುಚ್ಚಿಡುತ್ತವೆ, ಮುಖ್ಯ ಕೇಬಲ್ ತುಂಡಾದರೆ ಅದನ್ನು ತೆರೆಯುತ್ತವೆ. ಇದಕ್ಕೂ ಮಿತಿಯುಂಟು. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಆ ಮಿತಿ ಮೀರಿ ಬೆಳೆದು ಕುಸಿಯಿತು. ವೈದ್ಯರು ದಿನಗಟ್ಟಲೆ ಕಾಗದದ ಚೀಟಿಗೆ ಮರಳಬೇಕಾಯಿತು.

ಹಳೆಯ ಕ್ರಮದಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡು ಬೇಕು. ಫೋನಿನ ಪೋರ್ಟನ್ನು 'ಎಡ್ಜ್' ಎಂದು ಗುರುತಿಸಿದರೆ ಕಾಯಬೇಕಿಲ್ಲ. ಆದರೆ ಅದರ ಜತೆಗೇ 'ಬಿ.ಪಿ.ಡಿ.ಯು. ಗಾರ್ಡ್' ಹಾಕಿರಬೇಕು, ಆಗ ಯಾರಾದರೂ ತಪ್ಪಿ ಕೇಬಲ್ ಸಿಕ್ಕಿಸಿದರೆ ಆ ಪೋರ್ಟ್ ತಾನಾಗಿ ಮುಚ್ಚಿಕೊಂಡು, ಉಳಿದ ಕಚೇರಿ ನಡೆಯುತ್ತಿರುತ್ತದೆ. ಇಷ್ಟೆಲ್ಲ ಮಾಡಿ 'ಸೇವ್' ಕೊಡದೆ ಎದ್ದರೆ, ಅನೇಕ ಸ್ವಿಚ್ಚುಗಳು ಕರೆಂಟು ಹೋಗಿ ಬಂದೊಡನೆ ಕಲಿತದ್ದನ್ನೆಲ್ಲ ಮರೆತಿರುತ್ತವೆ.