ಐದು ಮಾರು ಬಯಲು

ಫಾಲ್ಗುಣ ಮಾಸದಲ್ಲಿ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವವರಿಗೆ ದಾರಿಯುದ್ದಕ್ಕೂ ಬಣವೆಗಳು ಕಾಣುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಕಡೆ ಅವು ಭತ್ತದ ಹುಲ್ಲಿನವು. ಮಳೆಯನ್ನೇ ನಂಬಿದ ಎರೆಹೊಲಗಳಿರುವಲ್ಲಿ ಜೋಳದ ಕಣಿಕೆಯವು. ಬೆಳೆ ಯಾವುದಾದರೇನು, ಬಣವೆಯ ಬುಡದ ನೋಟ ಮಾತ್ರ ಬಹುಮಟ್ಟಿಗೆ ಒಂದೇ: ಮೊಣಕಾಲೆತ್ತರದ ಒಣಹುಲ್ಲು, ಮುರಿದ ಮುಳ್ಳುಬೇಲಿ, ಪಕ್ಕದಲ್ಲಿ ಕುಳ್ಳಿನ ರಾಶಿ, ಅದಕ್ಕೆ ತಾಗಿದಂತೆ ತಿಪ್ಪೆ. ಇವೆಲ್ಲವೂ ದನದ ಕೊಟ್ಟಿಗೆಗೆ ಹೊಂದಿಕೊಂಡಿರುವುದೂ ಉಂಟು.

ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಹೊಸತಲ್ಲ. ಆ ದಿನಗಳಲ್ಲಿ ಬಣವೆಗೆ ಬೆಂಕಿ ಬಿತ್ತೆಂಬ ಸುದ್ದಿಯೂ ಹೊಸತಲ್ಲ. ಆಗ ಸುಟ್ಟುಹೋಗುವುದು ಬರಿಯ ಹುಲ್ಲಲ್ಲ, ಮುಂದಿನ ಮಳೆಗಾಲದವರೆಗೆ ಎತ್ತುಗಳನ್ನು ಸಾಕಬೇಕಾದ ಮೇವು. ಮೇವು ಹೋದ ಬಡರೈತನು ಎತ್ತುಗಳನ್ನು ಸಂತೆಗೆ ಹೊಡೆಯಬೇಕಾಗುತ್ತದೆ. ಇದನ್ನು ವಿಧಿಯೆಂದು ಕರೆದು ಸುಮ್ಮನಾಗುವುದು ನಮ್ಮ ರೂಢಿ. ಇದು ವಿಧಿಯಲ್ಲ, ಅಂತರದ ಲೆಕ್ಕ ಎಂಬುದೇ ನಮ್ಮ ಅಭಿಪ್ರಾಯ.

ದಪ್ಪ ಕೊರಡಿಗೆ ಕಡ್ಡಿ ಗೀರಿದರೆ ಅದು ಹೊತ್ತುವುದಿಲ್ಲ. ಒಣಹುಲ್ಲಾದರೋ ಕ್ಷಣದಲ್ಲಿ ಹೊತ್ತುತ್ತದೆ. ಇದೇಕೆ? ೧೦ ಸೆಂಟಿಮೀಟರು ದಪ್ಪದ ಕೊರಡನ್ನು ಒಂದು ಮಿಲಿಮೀಟರು ದಪ್ಪದ ಕಡ್ಡಿಗಳನ್ನಾಗಿ ಸೀಳಿದರೆ, ಅಷ್ಟೇ ಪದಾರ್ಥಕ್ಕೆ ನೂರರಷ್ಟು ಮೇಲ್ಮೈ ದೊರೆಯುತ್ತದೆ. ಶಾಖವು ಒಳಹೋಗುವುದೂ ಆಮ್ಲಜನಕವು ಸೇರುವುದೂ ಮೇಲ್ಮೈಯಿಂದಲೇ ಅಲ್ಲವೆ? ಹಸಿ ಎಲೆಯ ಮಾತು ಬೇರೆ. ಅದರಲ್ಲಿರುವ ಪ್ರತಿಯೊಂದು ಗ್ರಾಂ ನೀರು ಆವಿಯಾಗಲು ಸುಮಾರು ೫೪೦ ಕ್ಯಾಲೊರಿ ಶಾಖ ಬೇಕು. ಆದುದರಿಂದ ಅಂಗಳದ ಹಸಿರು ಬೇವಿನ ಮರಕ್ಕಿಂತ ಅದರ ಬುಡದ ಒಣ ತರಗೆಲೆಗಳೇ ಹೆಚ್ಚು ಅಪಾಯಕರ.

ಇನ್ನು ದೂರದ ಮಾತು. ಜ್ವಾಲೆಯ ಶಾಖವು ವಿಕಿರಣವಾಗಿ ಸುತ್ತಲೂ ಹರಡುತ್ತದೆ. ದೂರ ಹೆಚ್ಚಿದಂತೆ ಅದರ ತೀಕ್ಷ್ಣತೆ ಬೇಗಬೇಗನೆ ಕುಗ್ಗುತ್ತದೆ. ಕೆನಡಾದ ವಾಯವ್ಯ ಪ್ರಾಂತಗಳಲ್ಲಿ ೧೯೯೭ರಿಂದ ೨೦೦೦ದವರೆಗೆ ನಡೆದ ಪ್ರಯೋಗಗಳಲ್ಲಿ ವಿಜ್ಞಾನಿಗಳು ಕಾಡಿಗೆ ಬೇಕೆಂದೇ ಬೆಂಕಿಯಿಟ್ಟರು. ಅಮೆರಿಕದ ಅರಣ್ಯ ಸೇವೆಯ ಜ್ಯಾಕ್ ಕೋಹೆನ್ ಅವರು ಆ ಕಾಡಿನಂಚಿನಿಂದ ಬೇರೆ ಬೇರೆ ದೂರಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ ಪರೀಕ್ಷಿಸಿದರು. ೧೦ ಮೀಟರು ದೂರದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. ೩೦ ಮೀಟರು ದೂರದವು ಹೊತ್ತಲಿಲ್ಲ. ಅದು ಎತ್ತರದ ಮರಗಳೇ ಉರಿಯುವ ಕಾಡಿನ ಬೆಂಕಿ. ನಮ್ಮ ಬದುವಿನ ಹುಲ್ಲಿನ ಬೆಂಕಿ ಅಷ್ಟು ದೊಡ್ಡದಲ್ಲ. ಒಂದೆಡೆ ಅದು ಉರಿಯುವುದೂ ಅಲ್ಪಕಾಲವೇ. ಬಣವೆಯ ಸುತ್ತ ಐದು ಮಾರು, ಎಂದರೆ ಸುಮಾರು ೩೦ ಅಡಿ, ಒಣಹುಲ್ಲಿಲ್ಲದ ಬಯಲಿದ್ದರೆ ನೆಲದ ಮೇಲೆ ಹರಿದು ಬರುವ ಬೆಂಕಿಗೆ ದಾರಿಯೇ ಇರುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಕಾಳ್ಗಿಚ್ಚಿನ ಭಯವುಳ್ಳ ಪ್ರದೇಶಗಳ ಮನೆಗಳ ಸುತ್ತ, ತಮ್ಮ ಜಾಗದ ಮಿತಿಯೊಳಗೆ, ೧೦೦ ಅಡಿಯವರೆಗೆ ಇಂತಹ ಎಚ್ಚರಿಕೆಯನ್ನು ಕಾನೂನೇ ವಿಧಿಸುತ್ತದೆ. ನಮ್ಮ ಅರಣ್ಯ ಇಲಾಖೆ ಬೇಸಗೆಗೆ ಮುನ್ನ ಕಾಡಿನಲ್ಲಿ ತೆಗೆಯುವ ಬೆಂಕಿರೇಖೆಯ ತತ್ವವೂ ಇದೇ. ಆದರೆ ರೇಖೆಯೊಂದೇ ಎಲ್ಲವನ್ನೂ ಕಾಯಲಾರದು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದುದನ್ನು ನಾವು ಮರೆಯಲಾಗದು. ಗಾಳಿಯಲ್ಲಿ ಹಾರುವ ಕಿಡಿ ಬಯಲನ್ನೂ ದಾಟಬಲ್ಲುದು. ಆದುದರಿಂದ ಒಲೆಯ ಬೂದಿಗೆ ನೀರು ಹೊಯ್ದಲ್ಲದೆ ತಿಪ್ಪೆಗೆ ಸುರಿಯಬಾರದು. ವಿದ್ಯುತ್ ತಂತಿಯ ಕೆಳಗೆ ಬಣವೆ ಒಟ್ಟಬಾರದು.

ಬಯಲು ಮಾಡುವ ಬಗೆಯಲ್ಲಿಯೇ ನಾವು ಎಡವುತ್ತೇವೆ. ಕುಡುಗೋಲು ಹಿಡಿಯಲು ಬೇಸರಪಟ್ಟು ಕಸಕ್ಕೆ ಕಡ್ಡಿ ಗೀರುವುದು ಸುಲಭೋಪಾಯವೆಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವು. ಹಿತ್ತಿಲಿನ ಹುಲ್ಲಿಗೆ ಹಾಗೆ ಬೆಂಕಿಯಿಟ್ಟ ಒಂದು ಮಧ್ಯಾಹ್ನ ಗಾಳಿ ತಿರುಗಿ, ನೆರೆಯವರ ಬೇಲಿ ಹೊತ್ತಿ, ಕೊಡಗಳನ್ನು ಹಿಡಿದು ಓಡಬೇಕಾಯಿತು. ಅಪಾಯವನ್ನು ಕಳೆಯಲು ಹೋಗಿ ನಾವೇ ಅದನ್ನು ತಂದಿದ್ದೆವು. ಗದ್ದೆಯ ಕೂಳೆಗೆ ಬೆಂಕಿಯಿಡುವವರಿಗೂ ಈ ಮಾತು ಸಲ್ಲುತ್ತದೆ. ಹುಲ್ಲನ್ನು ಕೊಯ್ದು ತಿಪ್ಪೆಗುಂಡಿಗೆ ಹಾಕಿದರೆ ಅದು ಗೊಬ್ಬರವಾಗುತ್ತದೆ. ಬೇರುಗಳನ್ನು ಮಾತ್ರ ಕೀಳಬಾರದು. ಅವು ಬದುವಿನ ಮಣ್ಣನ್ನು ಹಿಡಿದಿರುತ್ತವೆ.

ಊರೊಳಗೆ ಅಷ್ಟು ಜಾಗವೆಲ್ಲಿದೆ, ದೂರವಿಟ್ಟ ಮೇವಿಗೆ ಕಾವಲು ಯಾರು ಎಂದು ಹಿರಿಯರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಜಾಗವಿಲ್ಲದವರು ಒಂದು ದೊಡ್ಡ ಬಣವೆಯ ಬದಲು ಎರಡು ಚಿಕ್ಕವನ್ನು ಬೇರೆ ಬೇರೆ ಕಡೆ ಒಟ್ಟಬಹುದು. ಒಂದು ಹೋದರೂ ಇನ್ನೊಂದು ಉಳಿದೀತು. ಬಡವರ ಬಣವೆಗಳಿಗಾಗಿ ಊರ ಹೊರಗೆ ಒಂದು ಸಾಮೂಹಿಕ ಜಾಗವನ್ನು ಗೊತ್ತುಮಾಡಿ ಕಾವಲಿಡುವುದು ಗ್ರಾಮಪಂಚಾಯತಿಯ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ.

ಬೆಂಕಿ ಬಿದ್ದಾಗ ೧೦೧ಕ್ಕೆ ದೂರವಾಣಿ ಮಾಡಲೇಬೇಕು. ಆದರೆ ದೂರದ ಹಳ್ಳಿಗೆ ವಾಹನ ಬರುವಷ್ಟರಲ್ಲಿ ಒಣ ಬಣವೆ ಬೂದಿಯಾಗಿರುತ್ತದೆ. ವಿದ್ಯಾರ್ಥಿಮಿತ್ರರು ಮುಂದಿನ ಶಿವರಾತ್ರಿಯ ಒಳಗೆ ಒಂದು ರವಿವಾರ ತಮ್ಮ ಮನೆಯ ಬಣವೆಯ ಸುತ್ತ ಐದು ಮಾರು ಅಳೆದು, ಅದರೊಳಗಿನ ಒಣಹುಲ್ಲನ್ನು ಕೊಯ್ದು ತೆಗೆಯಲಿ. ಬಳಿಕ ಬಣವೆಯಿಲ್ಲದ ಗೆಳೆಯರನ್ನೂ ಕರೆದುಕೊಂಡು ನೆರೆಮನೆಯವರ ಬಣವೆಯ ಕಡೆಗೆ ಹೋಗಲಿ.